ಹುಲ್ಲು ನೋಡಿಕೊಳ್ಳುತ್ತಿದ್ದ ಕಾಕಾ

ಮೊಣಕೈ ನೋವಿಗೆಂದು ಹೋದ ವಾರ ಫಿಜಿಯೋಥೆರಪಿಗೆ ಹೋಗಿದ್ದೆ. ಅಲ್ಲಿಯ ಹುಡುಗಿ ಹೊಸ ರಬ್ಬರ್ ಮ್ಯಾಟೊಂದನ್ನು ಬಿಚ್ಚಿ ಕಿಟಕಿಯ ಬಿಸಿಲಲ್ಲಿ ಹಾಸಿದಳು. ಕಾದ ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಪೀರನವಾಡಿಯ ಆಚೆಗಿದ್ದ ಗಾಲ್ಫ್ ಮೈದಾನವೂ ಅಲ್ಲಿಯ ಕಾಕಾನೂ ಕಣ್ಣ ಮುಂದೆ ಬಂದು ನಿಂತರು. "ಯಾಕ್ರೀ ಮೇಡಂ, ಭಾಳ ನೋಯ್ತೈತೇನ್ರಿ?" ಎಂದಳು ಹುಡುಗಿ. ಹೂಂ ಅಂದೆ.

ಹನ್ನೊಂದು ವರ್ಷದ ಹಿಂದಿನ ಮಾತು. ನಾನಾಗ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದೆ. ಬೆನ್ನು ಹಿಡಿದುಕೊಂಡಿದೆ, ಮೈ ಆಡಿಸಬೇಕು ಎಂದು ಗೆಳತಿಯೊಬ್ಬಳು ಅಲ್ಲಿಗೆ ಎಳೆದುಕೊಂಡು ಹೋದಳು. ಎರಡೇ ವಾರಕ್ಕೆ ಅವಳು ಕೈಬಿಟ್ಟಳು, ನನಗೆ ಹುಚ್ಚು ಹಿಡಿಯಿತು. ವಡಗಾವಿಯ ಮನೆಯಿಂದ ಕೋಲುಗಳ ಚೀಲ ಹೆಗಲಿಗೇರಿಸಿ ಹೊರಟರೆ ಸಾಕು, ನಮ್ಮ ಅತ್ತೆಯವರು ಓಣಿಗೆಲ್ಲ ಕೇಳುವಂತೆ, "ಕಸಬರಗಿ ಹಿಡದ್ರ ಬೆನ್ನ ಬ್ಯಾನಿ ಬರತೈತಿ, ಕೋಲ ಬೀಸಾಕ ಬರಂಗಿಲ್ಲ ನೋಡ್ರಿ ಈಕಿಗೆ" ಎನ್ನುತ್ತಿದ್ದರು.

ಅದು ಪೂರ್ತಿ ಆಟದ ಮೈದಾನವಲ್ಲ, ಸಾಲಾಗಿ ನಿಂತು ಚೆಂಡು ಹೊಡೆದು ಅಭ್ಯಾಸ ಮಾಡುವ ಜಾಗ. ಅರ್ಧ ಭಾಗದಲ್ಲಿ ಸಿಮೆಂಟಿನ ಮೇಲೆ ಹಸಿರು ಮ್ಯಾಟು, ಉಳಿದರ್ಧ ಹುಲ್ಲು. ಆ ಹುಲ್ಲನ್ನು ನೋಡಿಕೊಳ್ಳುತ್ತಿದ್ದವರು ಕಾಕಾ. ಖಾನಾಪುರದ ಕಡೆಯ ಹಳ್ಳಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ಭತ್ತ ಬೆಳೆದ ಕೈ. ಹುಲ್ಲಿನೊಡನೆ ಮರಾಠಿಯಲ್ಲಿ ಗೊಣಗುತ್ತಿದ್ದರು, ನಮ್ಮೊಡನೆ ಕನ್ನಡ. ಎಲ್ಲರೂ ಕಾಕಾ ಎನ್ನುತ್ತಿದ್ದರು, ನಾನೂ ಅಂದೆ.

ಮ್ಯಾಟಿನ ಮೇಲೆ ನನ್ನ ಚೆಂಡು ಸೊಗಸಾಗಿ ಹಾರುತ್ತಿತ್ತು. ಒಳಗೊಳಗೇ ಜಂಬ. ಒಂದು ದಿನ ಕಾಕಾ ಬಂದು, "ಬಾಯಾರ, ಒಂದೀಟ ಹುಲ್ಲಿನ ಮ್ಯಾಲ ಬರ್ರಿ" ಎಂದರು. ಮೇಡಂ ಅನ್ನುವುದಕ್ಕೆ ಅವರ ಬಾಯಲ್ಲಿ ಬಾಯಾರು. ಹೋದೆ, ಬೀಸಿದೆ. ಕೋಲು ನೆಲವನ್ನು ಕಚ್ಚಿತು. ಮಣ್ಣಿನ ಹೆಂಟೆ ಚೆಂಡಿಗಿಂತ ದೂರ ಹೋಗಿ ಬಿತ್ತು. ಅಯ್ಯೋ ಶಿವನೇ, ಅಷ್ಟು ಜನರ ಮುಂದೆ ಮುಖ ಎಲ್ಲಿಡಲಿ! ಕಾಕಾ ನಗಲಿಲ್ಲ. ಕುಕ್ಕರಗಾಲಿನಲ್ಲಿ ಕೂತು ಕಿತ್ತುಹೋದ ಜಾಗಕ್ಕೆ ಬೆರಳಿಟ್ಟರು.

"ಚೆಂಡ ಇಲ್ಲಿತ್ರಿ. ನೀವು ನಾಕ ಬಟ್ಟ ಹಿಂದ ಹೊಡದೀರಿ. ಮ್ಯಾಟಿನ ಮ್ಯಾಲ ಆದ್ರ ಕೋಲ ಜಾರಿ ಮುಂದ ಹೋಗಿಬಿಡತೈತಿ, ತಪ್ಪ ಆಗಿದ್ದ ಗೊತ್ತಾಗಂಗಿಲ್ಲ."

ಅಂದಿನಿಂದ ಅವರೇ ನನ್ನ ಗುರು. ಕೋಲು ಮೊದಲು ಚೆಂಡಿಗೆ ತಾಗಿ ಆಮೇಲೆ ನೆಲಕ್ಕೆ ತಾಗಬೇಕು, ಹುಲ್ಲು ಕಿತ್ತ ಗುರುತು ಚೆಂಡಿನ ಮುಂದೆ ಬೀಳಬೇಕು. ಮತ್ತೆ, ಮನಸ್ಸಿಗೆ ಬಂದಲ್ಲಿ ಹೊಡೆಯುವಂತಿಲ್ಲ. ಒಂದು ಗುರುತಿನ ಹಿಂದೆಯೇ ಇನ್ನೊಂದು ಚೆಂಡು, ಕೂರಿಗೆಯ ಸಾಲಿನ ಹಾಗೆ. ಆಚೀಚೆ ಹೊಡೆದರೆ "ಕೋಳಿ ಕೆದರಿದಂಗ ಮಾಡಬ್ಯಾಡ್ರಿ" ಎಂದು ರೇಗುತ್ತಿದ್ದರು. ಸಂಜೆ ಆ ಸಾಲಿಗೆ ಉಸುಕು, ಹುಲ್ಲಿನ ಬೀಜ ಬೆರೆಸಿ ತುಂಬಿ, ಮರುದಿನ ಹಗ್ಗ ಸರಿಸಿ ಬೇರೆ ಪಟ್ಟಿ ಬಿಟ್ಟುಕೊಡುತ್ತಿದ್ದರು. ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನನ್ನ ಗುರುತು ಚೆಂಡಿನ ಮುಂದೆ ಬಿತ್ತು. "ಹಾಂ... ಈಗ ಬಂತ ನೋಡ್ರಿ ಬಾಯಾರ!" ಎಂದ ಅವರ ಆ ಮುಖ... ನನಗಿಂತ ಅವರಿಗೇ ಹೆಚ್ಚು ಖುಷಿಯಾಗಿತ್ತು.

ಆಮೇಲೆ ಮಳೆ ಹಿಡಿಯಿತು. ದಸರಾ ರಜೆಯಲ್ಲಿ ಬೇರೊಂದು ದೊಡ್ಡ ಮೈದಾನದಲ್ಲಿ ಹೆಂಗಸರ ಪಂದ್ಯವಿತ್ತು, ನಾನು ಹೆಸರು ಕೊಟ್ಟಿದ್ದೆ. ಕಾಕಾ ಹುಲ್ಲಿಗೆ ಅಡ್ಡ ಹಗ್ಗ ಕಟ್ಟಿ ಯಾರನ್ನೂ ಒಳಗೆ ಬಿಡಲೊಲ್ಲರು.

"ನೆಲ ಮೆತ್ತಗಾಗೈತ್ರಿ. ಈಗ ಹೊಡದ್ರ ಬೇರ ಸುದ್ದಾ ಕಿತ್ತ ಬರತಾವು. ಎಂಟ ದಿನ ತಡೀರಿ."

ಎಂಟು ಹೋಗಿ ಹದಿನೈದಾಯಿತು. ನನ್ನ ಸಿಟ್ಟು ನಿಮಗೆ ಗೊತ್ತಿಲ್ಲ, ಬಂತೆಂದರೆ ಹಿಂದೆ ಮುಂದೆ ನೋಡುವುದಿಲ್ಲ. ಸೀದಾ ಕಚೇರಿಗೆ ಹೋಗಿ, ಸಲಹೆ ಬರೆಯಲು ಇಟ್ಟಿದ್ದ ವಹಿಯಲ್ಲಿ ಬರೆದೆ: ಮಳೆಗಾಲದಲ್ಲಿ ಹುಲ್ಲು ಉಪಯೋಗಕ್ಕಿಲ್ಲ, ಪೂರ್ತಿ ಮ್ಯಾಟ್ ಹಾಕಿಸಿ. ಕೆಳಗೆ ಇನ್ನೂ ಆರೇಳು ಜನರ ಸಹಿ ಹಾಕಿಸಿದೆ. ಮಾಲೀಕರಿಗೂ ಅದೇ ಬೇಕಾಗಿತ್ತು.

ಪಂದ್ಯದ ಕಥೆ ಕೇಳಬೇಡಿ. ಮಳೆಯ ದಿನಗಳಲ್ಲಿ ಮ್ಯಾಟಿನ ಮೇಲೆ ಬೀಸಿ ಬೀಸಿ ಹಳೆಯ ಚಾಳಿ ಮರಳಿತ್ತು. ಹುಲ್ಲಿನ ಮೇಲಿನ ಮೊದಲ ಹೊಡೆತಕ್ಕೇ ಹೆಂಟೆ ಎದ್ದಿತು. ಸೋತು ಮೈದಾನಕ್ಕೆ ಬಂದರೆ ಸಿಮೆಂಟಿನ ಚೀಲಗಳು ಬಂದು ಬಿದ್ದಿದ್ದವು. ಹುಲ್ಲಿಲ್ಲದ ಮೇಲೆ ಅದನ್ನು ನೋಡಿಕೊಳ್ಳುವವರು ಯಾಕೆ? ಬರುವ ಶನಿವಾರವೇ ಕಡೆಯ ದಿನ ಎಂದು ಕಾಕಾಗೆ ಹೇಳಿಬಿಟ್ಟಿದ್ದರು. ಇಷ್ಟು ಸಣ್ಣ ಲೆಕ್ಕ ಗಣಿತ ಕಲಿಸುವವಳ ತಲೆಗೆ ಹೊಳೆದಿರಲಿಲ್ಲ.

ನಾನೇ ಬರೆದದ್ದು, ತಪ್ಪಾಯಿತು ಎಂದು ಹೇಳಿಬಿಡಬೇಕು ಅಂದುಕೊಂಡೇ ಶನಿವಾರ ಸಂಜೆ ಹೋದೆ. ಮಳೆ ನಿಂತು ಹುಲ್ಲಿನ ಹಗ್ಗ ಬಿಚ್ಚಿಯಾಗಿತ್ತು. ಕಾಕಾ ಕೂತು ಅಂದಿನ ಸಾಲಿಗೆ ಉಸುಕು, ಬೀಜ ತುಂಬುತ್ತಿದ್ದರು.

"ಸೋಮವಾರ ಸಿಮೆಂಟ್ ಹಾಕ್ತಾರಲ್ಲ ಕಾಕಾ, ಈಗ್ಯಾಕ ಬೀಜ?"

"ಇವತ್ತ ಹೊಡದಾರಲ್ರಿ. ಇವತ್ತಿಂದು ಇವತ್ತ ಮುಚ್ಚಬೇಕು."

ಒಂದೊಂದೇ ಹಿಡಿ ಉಸುಕು ಹಾಕಿ, ಅಂಗೈಯಿಂದ ಸವರಿ, ಮತ್ತೆ ಮುಂದಿನದು. ಬಾಜುವಿನಲ್ಲಿ ನಿಂತೇ ಇದ್ದೆ. ಈ ಗುಂಡಿ ತುಂಬಲಿ, ಹೇಳುತ್ತೇನೆ ಎಂದುಕೊಳ್ಳುತ್ತಲೇ ಇದ್ದೆ. ಕೊನೆಗೆ ಅವರು ಎದ್ದು, ಕೈ ಝಾಡಿಸಿ, "ಬರ್ತೀನ್ರಿ ಬಾಯಾರ" ಎಂದು ಹೋದರು.

ಹೋಗಿ ಕಾಣಬೇಕು ಎಂದು ಪ್ರತಿ ವರ್ಷ ಅಂದುಕೊಂಡೆ. ಮ್ಯಾಟಿನ ಕೆಳಗಿನ ಗಟ್ಟಿ ಸಿಮೆಂಟಿಗೆ ಬಡಿದು ಬಡಿದು ಮೊಣಕೈ ಕೆಟ್ಟಿತು, ಆಗಲೂ ಹೋಗಲಿಲ್ಲ. ಮೊನ್ನೆ ಭಾನುವಾರ ಕೊನೆಗೂ ಮೈದಾನದ ವಾಚ್‌ಮನ್‌ನಿಂದ ಊರು ಕೇಳಿಕೊಂಡು ಖಾನಾಪುರದ ಬಸ್ಸು ಹತ್ತಿದೆ. ಕಾಕಾ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಹೆಂಡತಿ "ಕುಂದರ್ರಿ" ಎಂದು ಚಾಪೆ ಹಾಸಿ ಚಹಾ ಕೊಟ್ಟರು. ಕಪ್ಪು ಹಿಡಿದುಕೊಂಡೇ ಎಲ್ಲ ಹೇಳಿದೆ. ವಹಿ, ಸಹಿ, ಸಿಮೆಂಟು, ಯಾವುದನ್ನೂ ಬಿಡಲಿಲ್ಲ.

"ಅವರಿಗೆ ಗೊತ್ತಿತ್ರಿ" ಎಂದರು ಆಕೆ. "ಸಾಹೇಬ್ರು ವಹಿ ತೋರಿಸಿದ್ರಂತ."

ಕಪ್ಪು ಕೆಳಗಿಟ್ಟೆ. "ಬೈದ್ರೇನ್ರಿ ನನಗ?"

"ಇಲ್ಲರೀ. ಆ ಕಡೀ ದಿನ ಬಸ್ ತಪ್ಪಿಸ್ಕೊಂಡು ಯಾರದೋ ಟ್ರ್ಯಾಕ್ಟರ್ ಹತ್ತಿ ಬಂದ್ರು. ಯಾಕ ತಡಾ ಅಂತ ಕೇಳಿದೆ. ಬಾಯಾರು ಏನೋ ಹೇಳಾಕ ಬಂದು ನಿಂತಿದ್ರು, ಪಾಪ, ಹೇಳಲಿ ಅಂತ ಕೆಲಸಾ ನಿಧಾನ ಮಾಡ್ಕೋತ ಕುಂತಿದ್ದೆ, ಅಂದ್ರು."

ಹೇಳುವುದನ್ನು ಹೇಳಿಯಾಯಿತು, ಹನ್ನೊಂದು ವರ್ಷ ತಡವಾಗಿ. ಕೇಳಲೆಂದು ಬಸ್ಸು ಬಿಟ್ಟುಕೊಟ್ಟು ಕೂತ ಮನುಷ್ಯ ಇಲ್ಲ. ಆ ಚಾಪೆಯ ಮೇಲೆ, ಗುರುತಿಲ್ಲದವರ ಮನೆಯಲ್ಲಿ, ಸಣ್ಣ ಮಕ್ಕಳ ಹಾಗೆ ಅತ್ತುಬಿಟ್ಟೆ.