ಗಂಗಮ್ಮನ ವ್ಯಾನಿನ ಲೈಸೆನ್ಸು

ದಡ್ ಎಂದು ತಗಡಿನ ಬಾಗಿಲು ಬೀಳುವ ಸದ್ದು, ಹಿಂದೆಯೇ ಪಾತ್ರೆಗೆ ಸೌಟಿನ ಟಣ್ ಟಣ್. ತೊಂಬತ್ತರ ದಶಕದಲ್ಲಿ ಅರಸೀಕೆರೆಯ ನಮ್ಮ ಬೀದಿಗೆ ಅದೇ ಅಲಾರಂ. ಮೊನ್ನೆ ಮೊಮ್ಮಗಳು ಫೋನಿನಲ್ಲಿ ಯಾವುದೋ ಫುಡ್ ಟ್ರಕ್ ತೋರಿಸಿ, "ಅಜ್ಜೀ, ಸೋ ಕ್ಯೂಟ್!" ಎಂದಾಗ ನನಗೆ ಕೇಳಿಸಿದ್ದೂ ಆ ಸದ್ದೇ.

ಸದ್ದು ಗಂಗಮ್ಮನ ಹಳೆಯ ಮೆಟಡೋರ್ ವ್ಯಾನಿನದು. ಒಳಗೆ ಸ್ಟವ್, ಇಡ್ಲಿ, ಕೆಂಪು ಚಟ್ನಿ. ಗಂಡ ಸೊಂಟ ಮುರಿದುಕೊಂಡು ಮಲಗಿದ ಮೇಲೆ ಮನೆ ನಡೆಯುತ್ತಿದ್ದುದು ಅದರಿಂದಲೇ, ಓಡಿಸಲು ತಮ್ಮನಿದ್ದ. ಪುರಸಭೆ ಕೊಟ್ಟ ಲೈಸೆನ್ಸನ್ನು ಮೈದಾ ಅಂಟು ಬಳಿದು ವ್ಯಾನಿನ ಒಳಗೋಡೆಗೆ, ಲಕ್ಷ್ಮಿಯ ಪಟದ ಪಕ್ಕದಲ್ಲೇ ಅಂಟಿಸಿದ್ದಳು. ಶುಕ್ರವಾರ ಲಕ್ಷ್ಮಿಗೆ ಕುಂಕುಮವಿಟ್ಟ ಬೆರಳು ಲೈಸೆನ್ಸಿಗೂ ಹೋಗುತ್ತಿತ್ತು. ನೀವೇ ಹೇಳಿ, ಅನ್ನ ಕೊಡುವವರಲ್ಲಿ ಭೇದ ಮಾಡಲಾದೀತೇ?

ಒಂದು ಶುಕ್ರವಾರ, ಕೊಬ್ಬರಿ ಹರಾಜಿಗೆ ಜನ ನೆರೆದ ಹೊತ್ತಿಗೇ ಹೊಸ ಹೆಲ್ತ್ ಇನ್ಸ್‌ಪೆಕ್ಟರು ಬಂದರು. ಲೈಸೆನ್ಸಿನ ತಾರೀಖು ಕುಂಕುಮದಡಿ ಹೂತುಹೋಗಿತ್ತು.

"ವರ್ಷ ವರ್ಷ ರಿನ್ಯೂ ಮಾಡಿಸಿದ್ದೀಯೇನಮ್ಮ?"

"ವಾರ ವಾರ ಪೂಜೆ ಮಾಡಿವ್ನಿ ಸ್ವಾಮಿ."

"ಒರೆಸು, ತಾರೀಖು ನೋಡಬೇಕು."

"ಶುಕ್ರವಾರ ಕುಂಕುಮ ಒರೆಸಾದಾ? ನಿಮ್ಮನೆಯವರ್ನ ಕೇಳ್ನೋಡಿ!"

"ಹಾಗಾದರೆ ವ್ಯಾನು ಸೀಜ್."

ಗಂಗಮ್ಮ ಸೌಟು ಹಿಡಿದೇ ವ್ಯಾನಿನ ಬಾಗಿಲಿಗೆ ಅಡ್ಡ ನಿಂತಳು. ಇಡ್ಲಿ ತಿನ್ನುತ್ತಿದ್ದ ನಾನು, ಓದಿದ ಕಾನ್ವೆಂಟಿನ ಮರ್ಯಾದೆ ಉಳಿಸಲು ತಟ್ಟೆ ಕೆಳಗಿಟ್ಟು, "ಸರ್, ಕೈಂಡ್ಲಿ ಕನ್ಸಿಡರ್..." ಎಂದು ಶುರುಮಾಡಿದೆ.

"ಕನ್ನಡದಲ್ಲೇ ಹೇಳಿ ಮೇಡಂ, ಅದರಲ್ಲೂ ಆಗಲ್ಲ ಅಂತೀನಿ."

ಆದರೂ ಮನುಷ್ಯ ಕರಗಿದರು. ಮಧ್ಯಾಹ್ನದೊಳಗೆ ಹಳೇ ಲೈಸೆನ್ಸನ್ನು ಆಫೀಸಿಗೆ ತಂದು ರಿನ್ಯೂ ಮಾಡಿಸಿದರೆ ಸರಿ ಎಂದರು. ತರುವುದು ಹೇಗೆ? ಕಿತ್ತರೆ ಹರಿಯುತ್ತದೆ. ಗಂಗಮ್ಮ ತಮ್ಮನತ್ತ ತಿರುಗಿ, "ಹೊರಡ್ಸಲಾ ಗಾಡಿಯಾ!" ಎಂದಳು.

ಹಬೆಯಾಡುತ್ತಲೇ ವ್ಯಾನು ಪುರಸಭೆಯ ಬಾಗಿಲಿಗೆ ಹೋಯಿತು. ಒಳಗೆ ಸೌಟು ಹಿಡಿದು ಅವಳು, ಸ್ಟೂಲಿನ ಮೇಲೆ ಲೀಗಲ್ ಅಡ್ವೈಸರ್ ಹಾಗೆ ನಾನು. ಗುಮಾಸ್ತರು ವ್ಯಾನಿನೊಳಗೆ ತಲೆ ತೂರಿಸಿ, ಮೂಲೆಯಲ್ಲಿ ಉಳಿದಿದ್ದ ನಂಬರು ಓದಿಕೊಂಡು ಹೋದರು. ರಿಜಿಸ್ಟರಿನಲ್ಲಿ ನೋಡಿದರೆ ಅವಧಿ ಎಂದೋ ಮುಗಿದಿತ್ತು. ದಂಡ ಕಟ್ಟಿಸಿಕೊಂಡು ಹೊಸದು ಕೊಡುವಷ್ಟರಲ್ಲಿ ಆಫೀಸಿನವರೇ ಇಡ್ಲಿ ಖಾಲಿ ಮಾಡಿದ್ದರು. "ಇದಕ್ಕಾದರೂ ಗಾಜಿನ ಕಟ್ಟು ಹಾಕಿಸು" ಎಂದು ಇನ್ಸ್‌ಪೆಕ್ಟರು ಗದರಿದ್ದು ಬಾಯಲ್ಲಿ ಇಡ್ಲಿ ಇಟ್ಟುಕೊಂಡೇ.

ಅವಳನ್ನು ಕೊನೆಯ ಸಲ ನೋಡಿದ್ದು ಎಷ್ಟೋ ವರ್ಷದ ಮೇಲೆ, ಮನೆ ಕಂದಾಯ ಕಟ್ಟಲು ಆ ಪುರಸಭೆಗೇ ಹೋದಾಗ. ಮನೆಯಲ್ಲೇ ಹಪ್ಪಳ, ಹೋಳಿಗೆ ಮಾಡಿ ಮಾರುವ ಹೆಂಗಸರನ್ನೆಲ್ಲ ಹಿಂದಿಟ್ಟುಕೊಂಡು ಲೈಸೆನ್ಸಿನ ಕ್ಯೂನಲ್ಲಿ ನಿಂತಿದ್ದಳು. "ಡೇಟು ಮುಗಿಯಾಕ್ ಮುಂಚೆ ಬರ್ಬೇಕು ಕಣ್ರೇ" ಎಂದು ಅವರಿಗೆ ಪಾಠ.

ನನ್ನನ್ನು ಕಂಡದ್ದೇ, "ಬನ್ನಿ ಅಮ್ಮಾರೇ, ನಿಮ್ ಉಪ್ಪಿನಕಾಯಿಗೂ ಒಂದ್ ಲೈಸೆನ್ಸ್ ಮಾಡ್ಸಾನ. ಎಷ್ಟ್ ದಿನ ಪುಕ್ಸಟ್ಟೆ ಹಂಚ್ತೀರಾ?" ಎಂದಳು.

"ನೆಕ್ಸ್ಟ್ ಇಯರ್ ಗಂಗಮ್ಮ, ಪ್ರಾಮಿಸ್."

"ಆಗ್ಲಿ, ಜಾಗ ಹಿಡ್ದಿರ್ತೀನಿ" ಎಂದು ನಗುತ್ತ ಕೌಂಟರಿನತ್ತ ತಿರುಗಿದಳು.