ಖಾಲಿ ಗುಣಿಯೊಳಗಿನ ಜೋಳ

ನಮ್ಮ ಲ್ಯಾಬಿಗೆ ಯಂತ್ರ ಬರುತ್ತದೆ ಎಂಬ ಸುದ್ದಿ ಬಂದ ದಿನ ಎಲ್ಲರೂ ನನ್ನ ಮುಖ ನೋಡಿದರು. ಸಾವಿನ ಮನೆಗೆ ಬಂದವರ ಹಾಗೆ ದನಿ ತಗ್ಗಿಸಿ ಮಾತಾಡಿಸಿದರು. ಆ ಯಂತ್ರ ಮಾಡಲಿದ್ದ ಕೆಲಸವನ್ನು ಅಲ್ಲಿಯವರೆಗೆ ಮಾಡುತ್ತಿದ್ದವಳು ನಾನು. ಪಾಪ, ಇನ್ನು ಇವಳ ಗತಿ ಏನು ಎಂಬ ಚಿಂತೆ ಅವರಿಗೆ. ನಾನೋ, ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಒಂದು ಸುತ್ತು ಕುಣಿದು ಬಂದೆ.

ಆಗ ಆಂಧ್ರಪ್ರದೇಶ ಇನ್ನೂ ಒಂದೇ ರಾಜ್ಯ. ಅಪ್ಪ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು; ವಿಜಾಪುರದ ಕಡೆಯಿಂದ ಬಂದ ನಾವು ಲಿಂಗಂಪಲ್ಲಿಯವರಾಗಿ ವರ್ಷಗಳೇ ಆಗಿದ್ದವು. ಬೀದಿಗೆ ಕಾಲಿಟ್ಟರೆ ತೆಲುಗು, ಬಸ್ಸಿನಲ್ಲಿ ಹಿಂದಿ, ಹೊಸ್ತಿಲು ದಾಟಿ ಒಳಗೆ ಬಂದರೆ ಅವ್ವನ ಕನ್ನಡ. ನನಗೆ ಕೆಲಸವಿದ್ದದ್ದು ಪಟಾನ್‌ಚೆರು ರಸ್ತೆಯ ಒಂದು ಬೀಜದ ಕಂಪನಿಯಲ್ಲಿ. ಕಂಪನಿ ಜೋಳದ ಬೀಜ ಮಾರುತ್ತಿತ್ತು. ಚೀಲದ ಮೇಲೆ ಬರೆದ ತಳಿಯೇ ಚೀಲದ ಒಳಗೂ ಇದೆಯೇ ಎಂದು ಬೀಜದ ಡಿಎನ್‌ಎ ತೆಗೆದು ನೋಡುವುದು ನಮ್ಮ ಲ್ಯಾಬಿನ ಕೆಲಸ.

ಹೇಳಿದರೆ ಅದು ಅಡುಗೆಯ ಹಾಗೆಯೇ ಕೇಳಿಸುತ್ತದೆ. ಬೀಜ ಮೊಳೆಸಿ, ಎಳೆ ಎಲೆ ಕಿತ್ತು ಪುಟ್ಟ ಕುಟ್ಟಾಣಿಗೆ ಹಾಕಬೇಕು. ಹೊಗೆಯಾಡುವ ದ್ರವ ಸಾರಜನಕ ಸುರಿದು, ಎಲೆ ಗರಿಗರಿಯಾದ ಕೂಡಲೇ ಪುಡಿ ಮಾಡಬೇಕು. ಆ ಪುಡಿಗೆ ಉಪ್ಪು, ಸೋಪಿನಂಥ ದ್ರಾವಣ, ಕ್ಲೋರೋಫಾರ್ಮ್. ಆಮೇಲೆ ಗರಗರ ತಿರುಗಿಸಿ ಮೇಲಿನ ತಿಳಿಯನ್ನಷ್ಟೇ ಪಿಪೆಟ್ಟಿನಿಂದ ಹೀರಿಕೊಳ್ಳಬೇಕು. ಅದಕ್ಕೆ ತಣ್ಣನೆಯ ಆಲ್ಕೊಹಾಲ್ ಬಿಟ್ಟರೆ ಬಿಳಿಯ ಎಳೆಯೊಂದು ಶಾವಿಗೆಯ ಹಾಗೆ ತೇಲಿ ಬರುತ್ತದೆ. ಅದೇ ಡಿಎನ್‌ಎ. ಎಷ್ಟು ಸಲ ನೋಡಿದರೂ ನನಗೆ ಅದರ ಹುಚ್ಚು ಬಿಡಲಿಲ್ಲ. ಆಮೇಲೆ ಅದನ್ನು ಪುಟ್ಟ ಗುಣಿಗಳಿರುವ ತಟ್ಟೆಗೆ ತುಂಬಿಸಿ ಪಿಸಿಆರ್ ಯಂತ್ರಕ್ಕೆ ಕೊಡುತ್ತಿದ್ದೆವು. ಅದು ಕಾಯಿಸಿ ತಣಿಸಿ, ಕಾಯಿಸಿ ತಣಿಸಿ, ಕಣ್ಣಿಗೆ ಕಾಣದಷ್ಟು ಇದ್ದದ್ದನ್ನು ಕಾಣುವಷ್ಟು ಹೆಚ್ಚಿಸುತ್ತಿತ್ತು. ಕೊನೆಗೆ ಜೆಲ್ ಎಂಬ ಲೋಳೆಯಂಥ ಹಾಳೆಯ ಮೇಲೆ ಕರೆಂಟು ಕೊಟ್ಟು ಓಡಿಸಿ ದೀಪ ಹಾಕಿದರೆ ಕಪ್ಪಿನ ಮೇಲೆ ಹೊಳೆಯುವ ಗೆರೆಗಳು. ಒಂದೊಂದು ತಳಿಯ ಗೆರೆಗಳು ಒಂದೊಂದು ಜಾಗದಲ್ಲಿ ನಿಲ್ಲುತ್ತವೆ. ಜೊತೆಗೆ ಎಲೆಯನ್ನೇ ಹಾಕದ, ಬರೀ ನೀರಿನ ಒಂದು ಖಾಲಿ ಗುಣಿಯನ್ನೂ ಇಡುತ್ತೇವೆ. ಅದಕ್ಕೆ ಬ್ಲ್ಯಾಂಕ್ ಎನ್ನುತ್ತೇವೆ. ಅಲ್ಲಿ ಒಂದು ಗೆರೆ ಕಂಡರೂ ಎಲ್ಲಿಂದಲೋ ಏನೋ ಸೇರಿಕೊಂಡಿದೆ ಎಂದರ್ಥ; ಅಂದಿನ ಕೆಲಸವೆಲ್ಲ ಕಸದ ಬುಟ್ಟಿಗೆ.

ಈ ಕೆಲಸಕ್ಕೆಲ್ಲ ಒಂದೇ ಬೆರಳು ದುಡಿಯುತ್ತದೆ. ಪಿಪೆಟ್ಟಿನ ಗುಂಡಿ ಒತ್ತುವ ಬಲಗೈ ಹೆಬ್ಬೆರಳು. ಒತ್ತು, ಬಿಡು, ಒತ್ತು, ಬಿಡು, ಬೆಳಗಿನಿಂದ ಸಂಜೆಯ ತನಕ. ನನ್ನ ಹೆಬ್ಬೆರಳು ಮೊದಲು ನೋಯಿತು, ಆಮೇಲೆ ಮಡಚಿದರೆ ಬಿಚ್ಚಿಕೊಳ್ಳದಾಯಿತು. ಅಮೀರ್‌ಪೇಟಿನ ಮೂಳೆ ಡಾಕ್ಟರು ಹಿಂದೆಮುಂದೆ ನೋಡದೆ ಹೇಳಿಬಿಟ್ಟರು: ಈ ಗುಂಡಿ ಒತ್ತುವ ಕೆಲಸ ಬಿಡಬೇಕು, ಇಲ್ಲವಾದರೆ ಬೆರಳಿನ ಆಸೆ ಬಿಡಬೇಕು. ನಾನು ಲ್ಯಾಬಿನಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಕಾಗದಪತ್ರದ ವಿಭಾಗಕ್ಕೆ ತಳ್ಳುತ್ತಾರೆ, ಅಲ್ಲಿ ಕೂತರೆ ನನಗೆ ಹುಚ್ಚೇ ಹಿಡಿಯುತ್ತದೆ ಎಂದು ಗೊತ್ತಿತ್ತು.

ಬೆರಳು ಹೋದದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಭಾನುವಾರದ ರೊಟ್ಟಿ. ನಮ್ಮ ಮನೆಯಲ್ಲಿ ದಿನಾ ಅವ್ವನೇ ಜೋಳದ ರೊಟ್ಟಿ ತಟ್ಟುತ್ತಿದ್ದಳು. ತಟ್ಟುವವಳಿಗೆ ಬಿಸಿ ರೊಟ್ಟಿ ಎಲ್ಲಿಂದ ಬರಬೇಕು? ಎಲ್ಲರದೂ ಆದಮೇಲೆ ಆರಿದ್ದನ್ನು ತಿನ್ನುತ್ತಿದ್ದಳು. ಭಾನುವಾರ ಮಾತ್ರ ನಾನು ತಟ್ಟಿ, ಅವಳನ್ನು ಒಲೆಯ ಪಕ್ಕ ಕೂಡಿಸಿ, ಹಂಚಿನಿಂದ ನೇರ ಅವಳ ತಾಟಿಗೆ ಹಾಕುತ್ತಿದ್ದೆ. ರೊಟ್ಟಿ ತಟ್ಟುವಾಗ ಅಂಚು ತಿದ್ದುವುದು ಹೆಬ್ಬೆರಳು. ಅದು ಕೈಕೊಟ್ಟ ಮೇಲೆ ಭಾನುವಾರವೂ ಅವ್ವನೇ ತಟ್ಟಿದಳು. ನಾನು ಮುಖ ಸಣ್ಣ ಮಾಡಿದರೆ, "ಹೋಗವಾ, ನನಗ ಆರಿದ ರೊಟ್ಟೀನ ಸೇರತೈತಿ," ಅನ್ನುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಅವ್ವನ ಮೇಲಲ್ಲ, ಬೆರಳಿನ ಮೇಲೆ.

ಹಾಗಾಗಿ ಯಂತ್ರ ಬರುತ್ತದೆ ಎಂದಾಗ ನಾನು ಕುಣಿದದ್ದು. ಪರೀಕ್ಷೆಗೆಂದು ಬರುವ ಯಂತ್ರ ಉಳಿದರೆ ಹೀರುವುದು, ಬಿಡುವುದು ಅದರ ಪಾಲು. ಗೆರೆ ಓದುವುದು ನನ್ನ ಪಾಲು. ಅದು ವಾಪಸು ಹೋದರೆ ನಾನೂ ಕೆಲಸ ಬಿಟ್ಟು ಮನೆಗೆ ಹೋಗಬೇಕು. ನನ್ನ ಲೆಕ್ಕ ಅಷ್ಟು ಸರಳವಾಗಿತ್ತು.

ಅಡ್ಡಿಯಿದ್ದದ್ದು ನಮ್ಮ ಸರ್‌ದು. ಲ್ಯಾಬಿನ ಮುಖ್ಯಸ್ಥರು, ರಾಯಚೂರಿನ ಕಡೆಯವರು. ಇಡೀ ಲ್ಯಾಬಿನಲ್ಲಿ ಕನ್ನಡದವರೆಂದರೆ ನಾವಿಬ್ಬರೇ. ಜೆಲ್ ಮೇಲಿನ ಗೆರೆ ನೋಡಿ ತಳಿಯ ಹೆಸರು ಹೇಳುವುದರಲ್ಲಿ ಅವರಿಗೆ ಸರಿಸಾಟಿ ಇರಲಿಲ್ಲ. ಆದರೆ ಯಂತ್ರವೆಂದರೆ ಮೈಯೆಲ್ಲ ಉರಿ. ಅದು ಬಂದು ಕೂತ ದಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನನಗೆ ಹೇಳಿದರು: "ಇದಕ್ಕೇನ್ ತಿಳೀತೈತಿ ಬಿಡವಾ! ನಿನ್ನ ಕೈ ಐತಲ್ಲ, ಬಂಗಾರ ಅದು." ಹೊಗಳಿಕೆ ಕೇಳಿ ಹೆಬ್ಬೆರಳು ಚುರ್ ಎಂದಿತು.

ಯಂತ್ರ ನೋಡಲು ಗಾಜಿನ ಬಾಗಿಲಿನ ದೊಡ್ಡ ಕಪಾಟಿನ ಹಾಗಿತ್ತು. ಒಳಗೆ ಪಡ್ಡಿನ ಹಂಚಿನಂಥ, ಆದರೆ ತೀರ ಸಣ್ಣ ಗುಣಿಗಳ ತಟ್ಟೆ. ಮೇಲಿನಿಂದ ಪಿಪೆಟ್ಟುಗಳ ಒಂದು ಸಾಲು ಇಳಿದು, ಎಲ್ಲ ಒಟ್ಟಿಗೆ ಹೀರಿ, ಒಟ್ಟಿಗೆ ಬಿಡುತ್ತಿತ್ತು. ನಾನು ತಿರುಗಿಸಿ ತಿರುಗಿಸಿ ಬೇರೆ ಮಾಡುತ್ತಿದ್ದ ಡಿಎನ್‌ಎಯನ್ನು ಅದು ಕಬ್ಬಿಣದ ಸಣ್ಣ ಹುಡಿಗೆ ಅಂಟಿಸಿಕೊಂಡು ಅಯಸ್ಕಾಂತದಿಂದ ಹಿಡಿದಿಡುತ್ತಿತ್ತು. ಪಿಸಿಆರ್‌ಗೆ ಬೇಕಾದ್ದನ್ನೂ ತಾನೇ ತುಂಬಿಸುತ್ತಿತ್ತು. ಅದನ್ನು ತಂದ ಕಂಪನಿಯ ಇಂಜಿನಿಯರು ನಗರದ ಹಳೇ ಭಾಗದ, ದಖ್ಖನಿ ಉರ್ದು ಆಡುವ ಮನುಷ್ಯ, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ನಗು. ಕೆಲವು ವಾರ ಇಟ್ಟು ನೋಡಿ, ಬೇಡವಾದರೆ ವಾಪಸು ಒಯ್ಯುತ್ತೇನೆ ಎಂದು ಹೇಳಿಹೋದ.

"ಒಂದ್ ಕೈ ನೋಡೇ ಬಿಡೂಣು," ಅಂದರು ಸರ್. "ಒಂದೊಂದ್ ಎಲಿ ಎರಡ್ ತುಂಡು ಮಾಡ್ರಿ. ಅರ್ಧಾ ಈಕಿಗೆ, ಅರ್ಧಾ ಅದಕ್ಕ. ಯಾರ್ ಗೆಲ್ತಾರ ನೋಡೂಣು."

ಸೋಲಲೇಬೇಕು ಎಂದುಕೊಂಡು ಪಂದ್ಯಕ್ಕೆ ಕೂತವರನ್ನು ನೀವು ಕಂಡಿದ್ದೀರೋ ಇಲ್ಲವೋ, ನಾನು ಹಾಗೆ ಕೂತಿದ್ದೆ. ಆದರೆ ಕೈ ಕೇಳಬೇಕಲ್ಲ. ಕೆಟ್ಟ ಕೆಲಸ ಮಾಡಲು ಅದಕ್ಕೆ ಬರುವುದಿಲ್ಲ. ಇದು ಜಂಬ ಎಂದರೆ ಜಂಬವೇ ಸರಿ. ಹಲ್ಲು ಕಚ್ಚಿ, ನೋವು ನುಂಗಿ, ಮಧ್ಯಾಹ್ನದ ಹೊತ್ತಿಗೆ ಎಲ್ಲ ಟ್ಯೂಬುಗಳಲ್ಲೂ ಬಿಳಿ ಎಳೆ ತೇಲಿಸಿದೆ. ಯಂತ್ರ ತನ್ನ ಪಾಲನ್ನು ಯಾವಾಗಲೋ ಮುಗಿಸಿ ಸುಮ್ಮನೆ ದೀಪ ಮಿಟುಕಿಸುತ್ತ ನಿಂತಿತ್ತು.

ಊಟದ ಹೊತ್ತಿಗೆ ಎಂದಿನಂತೆ ಸರ್ ನನ್ನ ಡಬ್ಬಿಯ ಎದುರು ಹಾಜರ್. ಅವರ ಮನೆಯಲ್ಲಿ ಎರಡೂ ಹೊತ್ತು ಅನ್ನ. ರೊಟ್ಟಿ, ಶೇಂಗಾ ಚಟ್ನಿ ಕಂಡರೆ ಅವರು ಹುಡುಗರಾಗಿಬಿಡುತ್ತಿದ್ದರು. ಅಂದು ಅವ್ವ ಅವರಿಗೆಂದೇ ಒಂದು ಪುಡಿಕೆ ಜೋಳದ ಹಿಟ್ಟನ್ನೂ ಕಳಿಸಿದ್ದಳು. ಊರಿನಿಂದ ಬಂದ ಬಿಳಿ ಜೋಳ, ಹಿಂಗಾರಿಯದು. ಸರ್ ಪುಡಿಕೆ ಬಿಚ್ಚಿ, ಮುಷ್ಟಿ ತುಂಬ ಹಿಟ್ಟು ತೆಗೆದು, ಬೆರಳಲ್ಲಿ ಉಜ್ಜಿ, ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. "ಆಹಾ! ಇದು ನಮ್ಮ ಮಣ್ಣಿನ ವಾಸನಿ ನೋಡವಾ," ಅಂದರು. ಮೀಸೆಯ ಮೇಲೆ ಹಿಟ್ಟು, ಅಂಗಿಯ ತೋಳಿನ ಮೇಲೆ ಹಿಟ್ಟು. ನಾವೆಲ್ಲ ನಕ್ಕೆವು.

ಊಟವಾದ ಮೇಲೆ ಪಿಸಿಆರ್‌ಗೆ ತುಂಬಿಸುವ ಕೆಲಸ. ನನ್ನದನ್ನು ನಾನು ಮೂಲೆಯ ಮೇಜಿನಲ್ಲಿ ಕೂತು ತುಂಬಿಸಿದೆ. ನನ್ನ ಹತ್ತಿರ ಸರ್ ಸುಳಿಯಲೇ ಇಲ್ಲ, ನಂಬಿಕೆ ಇತ್ತಲ್ಲ. ಯಂತ್ರದ ಮುಂದೆ ಮಾತ್ರ ಕಳ್ಳನನ್ನು ಕಾಯುವ ಪೊಲೀಸನಂತೆ ನಿಂತರು. ಅದು ತುಂಬಿಸಿ ಮುಗಿಸಿದ ಕೂಡಲೇ ಗಾಜಿನ ಬಾಗಿಲು ತೆರೆದು, ತೋಳು ಚಾಚಿ, ಬಾಗಿಲ ಬದಿಯ ಕೊನೆಯ ಗುಣಿಗೆ ಬೆರಳು ತೋರಿಸಿ, "ಇದರಾಗ ನೀರ್ ಬಿದ್ದೈತೇನ್ ಖರೇ?" ಎಂದು ಬಗ್ಗಿ ನೋಡಿದರು. ಬಿದ್ದಿತ್ತು. ಗೊಣಗುತ್ತ ಬಾಗಿಲು ಹಾಕಿದರು.

ಮರುದಿನ ಬೆಳಿಗ್ಗೆ ಜೆಲ್‌ಗೆ ದೀಪ ಹಾಕಿದೆವು. ನನ್ನ ಗೆರೆಗಳು ಚೊಕ್ಕ, ನನ್ನ ಬ್ಲ್ಯಾಂಕ್ ಕಪ್ಪು. ಯಂತ್ರದ ಗೆರೆಗಳೂ ಅಷ್ಟೇ ಚೊಕ್ಕ. ಆದರೆ ಅದರ ಖಾಲಿ ಗುಣಿಯಲ್ಲಿ, ಏನೂ ಇರಬಾರದ ಜಾಗದಲ್ಲಿ, ಒಂದು ಗೆರೆ ಹೊಳೆಯುತ್ತಿತ್ತು.

"ನಾ ಹೇಳಿಲ್ಲೇನು!" ಸರ್ ಚಪ್ಪಾಳೆ ತಟ್ಟಿದರು. "ಒಂದ್ ಗುಣಿಯಿಂದ ಇನ್ನೊಂದ್ ಗುಣಿಗೆ ಚೆಲ್ಲಾಕತ್ತೈತಿ. ಫೋನ್ ಹಚ್ಚು ಅವಂಗ, ಬಂದು ಒಯ್ಯಲಿ. ಗೆದ್ದಿ ನೋಡವಾ!"

ಗೆದ್ದಿದ್ದೆ. ಜೀವನದಲ್ಲಿ ಅಷ್ಟು ಸಿಟ್ಟು ತರಿಸಿದ ಗೆಲುವು ಬೇರೊಂದಿಲ್ಲ. ಫೋನು ಕೈಗೆತ್ತಿಕೊಂಡೆ, ನಂಬರು ಒತ್ತಲಾಗಲಿಲ್ಲ. ತೋಳಿನಿಂದ ಕಣ್ಣು ಒರೆಸಿಕೊಂಡೆ.

"ಯಾಕವಾ? ಒಂದ್ ಕಬ್ಬಿಣದ ಡಬ್ಬಿ ಹೋದ್ರ ಯಾರರ ಕಣ್ಣೀರ್ ಹಾಕ್ತಾರೇನು?"

"ಸರ್, ಅದು ಹೋದ್ರ ನಾನೂ ಹೋಗಬೇಕ್ರಿ," ಎಂದು ಕೈಗವಸು ಕಿತ್ತು ಹೆಬ್ಬೆರಳು ಮಡಚಿ ತೋರಿಸಿದೆ. ಅದು ಬಿಚ್ಚಿಕೊಳ್ಳಲಿಲ್ಲ. ಎಡಗೈಯಿಂದ ಹಿಡಿದು ಬಿಚ್ಚಿದೆ. ಟಕ್ ಎಂದ ಸದ್ದು ಅವರಿಗೂ ಕೇಳಿಸಿತು. ಡಾಕ್ಟರು ಹೇಳಿದ್ದು, ಭಾನುವಾರದ ರೊಟ್ಟಿ, ಎಲ್ಲವನ್ನೂ ಒಂದೇ ಉಸಿರಿಗೆ ಒದರಿಬಿಟ್ಟೆ.

ಸರ್ ಮುಖ ಬಾಡಿತು. "ಮೊದಲ ಯಾಕ ಹೇಳಲಿಲ್ಲ ತಂಗಿ?" ಎಂದಷ್ಟೇ ಕೇಳಿದರು. ಅವರು ಫೋನನ್ನು ನನ್ನ ಕೈಯಿಂದ ತೆಗೆದಿಟ್ಟು, ಕನ್ನಡಕ ಒರೆಸಿಕೊಂಡು, ಜೆಲ್‌ನ ಚಿತ್ರದ ಮುಂದೆ ಮತ್ತೆ ಕೂತರು. ಈ ಸಲ ಯಂತ್ರದ ತಪ್ಪು ಹುಡುಕಲು ಅಲ್ಲ, ಗೆರೆ ಓದಲು. ಬಹಳ ಹೊತ್ತು ಓದಿದರು.

"ಇದು ನಮ್ಮ ತಟ್ಟೀದಲ್ಲ," ಅಂದರು ಕೊನೆಗೆ. "ಪಕ್ಕದ ಗುಣಿಯಿಂದ ಚೆಲ್ಲಿದ್ರ ನಮ್ಮ ಹೈಬ್ರಿಡ್ ಗೆರೀನ ಬರಬೇಕಿತ್ತು. ಇದು ಬ್ಯಾರೇ ಐತಿ. ಇದು ಮಾಲದಂಡಿ, ಹಿಂಗಾರಿ ಬಿಳಿ ಜೋಳ. ನಿನ್ನೆ ಇಡೀ ಲ್ಯಾಬಿನಾಗ ಮಾಲದಂಡಿ ಎಲ್ಲಿತ್ತವಾ?"

ನಾನು ಅವರ ತೋಳು ನೋಡಿದೆ. ಅವರೂ ನೋಡಿಕೊಂಡರು. ಅಂದಿನ ಅಂಗಿ ಬೇರೆಯಾಗಿತ್ತು, ಆದರೂ ನೋಡಿಕೊಂಡರು.

"ಅಯ್ಯಯ್ಯೋ," ಅಂದರು, "ಕಳ್ಳ ನಾನ ಏನ್?"

ಮುಂದಿನದನ್ನೆಲ್ಲ ಅವರೇ ಮುಂದೆ ನಿಂತು ಮಾಡಿದರು. ಅವ್ವನ ಪುಡಿಕೆಯಿಂದ ಚಿಟಿಕೆ ಹಿಟ್ಟು, ಹೋಲಿಸಿ ನೋಡಲು ಕಂಪನಿಯ ಬೀಜದ ಕೋಣೆಯಿಂದ ತರಿಸಿದ ಒಂದಿಷ್ಟು ಮಾಲದಂಡಿ, ಆ ಖಾಲಿ ಗುಣಿಯಲ್ಲಿ ಉಳಿದಿದ್ದ ಹನಿ. ನನಗೆ ಪಿಪೆಟ್ ಮುಟ್ಟಗೊಡಲಿಲ್ಲ. ವರ್ಷಗಳ ಮೇಲೆ ತಾವೇ ಹಿಡಿದರು, ಅರ್ಧ ಚೆಲ್ಲಿದರು, ತಮ್ಮನ್ನು ತಾವೇ ಬೈದುಕೊಂಡರು. ಜೆಲ್‌ನಲ್ಲಿ ಮೂರರ ಗೆರೆಯೂ ಒಂದೇ ಸಾಲಿಗೆ ಬಂದು ನಿಂತಿತು. ನಮ್ಮೂರ ಹೊಲದ ಜೋಳ ಅವ್ವನ ಪುಡಿಕೆಯಿಂದ ಸರ್ ತೋಳು ಹತ್ತಿ, ಅಲ್ಲಿಂದ ಯಂತ್ರದೊಳಗೆ ಇಳಿದಿತ್ತು. ಪಿಸಿಆರ್ ಪಾಪ, ಎದುರಿಗೆ ಬಿದ್ದದ್ದನ್ನು ಪ್ರಾಮಾಣಿಕವಾಗಿ ಹೆಚ್ಚಿಸಿತ್ತು.

ಸರ್ ಎಷ್ಟು ನಕ್ಕರೆಂದರೆ ಪಕ್ಕದ ಕೋಣೆಯವರು ಓಡಿ ಬಂದರು. ಅದೇ ವಾರ ಯಂತ್ರಕ್ಕೆ ಮತ್ತೊಮ್ಮೆ ಪರೀಕ್ಷೆಯಾಯಿತು. ಅಂದು ಅವರು ದೇವರ ಮುಂದೆ ನಿಂತವರ ಹಾಗೆ ದೂರದಲ್ಲಿ ಕೈಕಟ್ಟಿ ನಿಂತಿದ್ದರು. ಬ್ಲ್ಯಾಂಕ್ ಕಾಡಿಗೆಯಷ್ಟು ಕಪ್ಪಾಗಿ ಬಂತು. ಕತೆ ಕೇಳಿದ ಇಂಜಿನಿಯರು ಹೊಟ್ಟೆ ಹಿಡಿದುಕೊಂಡು, "ಮೈ ಬೋಲಾ ನಾ ಸಾಬ್, ಮಶೀನ್ ಝೂಟ್ ನೈ ಬೋಲ್ತಿ!" ಎಂದ. ಯಂತ್ರ ಸುಳ್ಳು ಹೇಳುವುದಿಲ್ಲವೆಂದು ಸರ್ ಕೂಡ ಒಪ್ಪಿದರು, ಆದರೆ ಬಹಳ ಸಪ್ಪೆ ದನಿಯಲ್ಲಿ. ಮರುದಿನ ಯಂತ್ರದ ಬಾಗಿಲಿಗೆ ಒಂದು ಚೀಟಿ ಅಂಟಿತ್ತು: "ರೊಟ್ಟಿ ತಿಂದವರು ಕೈ ತೊಳಕೊಂಡು ಬರ್ರಿ." ಅಚ್ಚ ಕನ್ನಡದಲ್ಲಿ. ಆ ಲ್ಯಾಬಿನಲ್ಲಿ ಅದನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲವರು ನಾವಿಬ್ಬರೇ, ನಾನಂತೂ ಮೊದಲಿನಿಂದಲೂ ಕೈ ತೊಳೆಯುತ್ತಿದ್ದವಳು.

ಬೆರಳು ಒಮ್ಮೆಲೇ ಸರಿಹೋಗಲಿಲ್ಲ. ಬಿಸಿನೀರು, ಪಟ್ಟಿ, ಡಾಕ್ಟರ ಗದರಿಕೆ ಎಲ್ಲ ಆಯಿತು. ಯಂತ್ರ ಹೀರುತ್ತಿತ್ತು, ಬಿಡುತ್ತಿತ್ತು. ನಾನು ಸರ್ ಪಕ್ಕ ಕೂತು ಗೆರೆ ಓದುವುದನ್ನು ಕಲಿಯುತ್ತಿದ್ದೆ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಬೆರಳು ತಾನಾಗಿ ಮಡಚಿ ತಾನಾಗಿ ಬಿಚ್ಚಿಕೊಂಡಿತು, ಸದ್ದಿಲ್ಲದೆ.

ಆ ಭಾನುವಾರ ಅವ್ವ ಸ್ನಾನಕ್ಕೆ ಹೋದದ್ದನ್ನು ನೋಡಿ ಹಿಟ್ಟಿಗೆ ಕುದಿವ ನೀರು ಹಾಕಿ ನಾದಿದೆ. ತಟ್ಟುವ ಸದ್ದು ಕೇಳಿ ಅವಳು ಒದ್ದೆ ತಲೆಗೆ ಟವೆಲು ಸುತ್ತಿಕೊಂಡೇ ಅಡುಗೆಮನೆಗೆ ಬಂದಳು. "ಯಾರ ಅದು?" ಎಂದಳು, ಮನೆಯಲ್ಲಿ ರೊಟ್ಟಿ ತಟ್ಟುವವರು ಇನ್ಯಾರೋ ಇರುವ ಹಾಗೆ.

"ಕೂಡು," ಅಂದೆ.

ಕೂತಳು. ಮೊದಲನೆಯದು ಯಾವುದೋ ದೇಶದ ನಕಾಶೆಯಾಯಿತು. ಎರಡನೆಯದರ ಅಂಚನ್ನು ಹೆಬ್ಬೆರಳಿನಿಂದ ತಿದ್ದಿ, ಹಂಚಿಗೆ ಹಾಕಿ ನೀರು ಸವರಿ ಮಗುಚಿದೆ. ಉಬ್ಬಿತು. ಹಾಗೇ ಅವ್ವನ ತಾಟಿಗೆ ಹಾಕಿದೆ. ಅವಳು ಉಫ್ ಉಫ್ ಎಂದು ಕೈಯಿಂದ ಕೈಗೆ ಬದಲಿಸುತ್ತ, ಮುರಿದು, ಚಟ್ನಿಗೆ ಅದ್ದಿ ಬಾಯಿಗಿಟ್ಟಳು. ಅಂಚು ದಪ್ಪವಾಗಿದೆ ಎನ್ನುತ್ತಾಳೆ ಎಂದು ನಾನು ಜಗಳಕ್ಕೆ ಸಿದ್ಧಳಾಗಿಯೇ ನಿಂತಿದ್ದೆ.

"ಬಿಸೀದು ಭಾಳ ರುಚಿ ಇರತೈತಿ ಬಿಡು," ಅಂದಳು, ತಾಟಿನಿಂದ ತಲೆ ಎತ್ತದೆ. "ಇನ್ನೊಂದ್ ಹಾಕವಾ."

ನಾನು ಇನ್ನೊಂದು ಉಂಡೆ ತೆಗೆದುಕೊಂಡೆ.