ಮನೆ ಯಜಮಾನರ ಹಡಗಿಗೆ ಕುಂಕುಮ

ನ್ಯೂ ಲಿನ್‌ನಲ್ಲಿ ನಾವು ಬಾಡಿಗೆಗಿದ್ದ ಮನೆಯ ಯಜಮಾನರು ಮಹಡಿಯ ಮೇಲಿದ್ದರು. ಎಂಬತ್ತು ದಾಟಿದ ನ್ಯೂಜಿಲೆಂಡಿನ ಅಜ್ಜ. ಮರದಲ್ಲಿ ಪುಟ್ಟ ಪುಟ್ಟ ಹಡಗು ಕಟ್ಟುವುದು ಅವರ ಹುಚ್ಚು. ಕೈ ನಡುಗತೊಡಗಿತ್ತು, ನಾಲ್ಕು ವರ್ಷ ಹಿಡಿದ ಈ ಹಡಗೇ ಕೊನೆಯದು ಅಂದಿದ್ದರು. ಶನಿವಾರ ಪ್ರದರ್ಶನಕ್ಕೆ ನನ್ನ ಕಾರಿನಲ್ಲಿ ಒಯ್ಯಬೇಕಿತ್ತು. ಅದಕ್ಕೇ ನಮ್ಮ ಹಾಲ್‌ನಲ್ಲಿ ತಂದಿಟ್ಟಿದ್ದರು.

ಅದು ಇನ್ನೂರು ವರ್ಷದ ಹಿಂದಿನ ನಿಜ ಹಡಗೊಂದರ ಮಾದರಿ; ಅದರ ಕಥೆ ಕೇಳಿ ನಾನು ಬೆಪ್ಪಾಗಿದ್ದೆ. ಅಮೆರಿಕ, ಕೆನಡಾ ನಡುವಿನ ಸರೋವರದಲ್ಲಿ, ಉಪ್ಪುನೀರನ್ನೇ ಕಾಣದ ಯುದ್ಧನೌಕೆಯಂತೆ! ಸಮುದ್ರದಿಂದ ಹಡಗು ತರೋಣವೆಂದರೆ ಜಲಪಾತ ಅಡ್ಡ. ಹಾಗಾಗಿ ಅಮೆರಿಕದ ಜೊತೆಗಿನ ಯುದ್ಧಕ್ಕೆಂದು ಬ್ರಿಟಿಷರು ದಡದ ಕಾಡು ಕಡಿದು ಅಲ್ಲೇ ಕಟ್ಟಿದರು. ಅಮೆರಿಕದವರು ಒಂದೇ ದಿನದ ಕಾಳಗದಲ್ಲಿ ಅದನ್ನು ಹಿಡಿದರು. ಯುದ್ಧ ಮುಗಿದ ಮೇಲೆ, ಮರ ಕೆಡದಿರಲೆಂದು ತಾವೇ ನೀರಲ್ಲಿ ಮುಳುಗಿಸಿಟ್ಟರು. ಎಷ್ಟೋ ವರ್ಷದ ನಂತರ ಮೇಲೆತ್ತಿದರೆ, ಅಬ್ಬಾ, ಮತ್ತೆ ತೇಲಿತು! ಸರಕು ಹೊತ್ತು ತಿರುಗಿತು. ಇಂಥದ್ದೂ ಉಂಟೇ ಎಂದು ನಾನು ದಿನಕ್ಕೊಮ್ಮೆ ಅದರ ಮುಂದೆ ನಿಲ್ಲುತ್ತಿದ್ದೆ.

ಗುರುವಾರ ಆಯುಧಪೂಜೆ. ಪೆನ್‌ರೋಸ್‌ನಲ್ಲಿ ಕೆಲಸ ಮುಗಿಸಿ ಮನೆಗೆ ಬಂದರೆ, ಮೈಸೂರಿನಿಂದ ಬಂದಿದ್ದ ಅಮ್ಮ ಮಿಕ್ಸಿಗೆ, ಇಸ್ತ್ರಿಪೆಟ್ಟಿಗೆಗೆ ಕುಂಕುಮ ಇಟ್ಟಿದ್ದರು. ಹಡಗಿನ ಮೂತಿಗೂ! ಎಣ್ಣೆಯಲ್ಲಿ ಕಲಸಿದ ಕುಂಕುಮ, ಬಣ್ಣ ಬಳಿಯದ ಮರದೊಳಗೆ ಇಳಿದೇಬಿಟ್ಟಿತ್ತು.

"ಅಮ್ಮಾ, ಏನ್ ಮಾಡ್ಬಿಟ್ಟೆ!"

"ಯಾಕೋ ಹೀಗೆ ಎಗರಾಡ್ತೀಯ? ಅದೂ ವಾಹನ ತಾನೇ? ಅದೊಂದನ್ನ ಬಿಟ್ರೆ ಚೆನ್ನಾಗಿರುತ್ತಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಬಟ್ಟೆಯಲ್ಲಿ ಉಜ್ಜಿದರೆ ಕಲೆ ಇನ್ನಷ್ಟು ಹರಡಿತು. ಮರ ತಿಕ್ಕುವ ಉಪ್ಪುಕಾಗದ ಹುಡುಕಿ ತಂದು ಕೂರುವಷ್ಟರಲ್ಲಿ ಅಜ್ಜ ಮೆಟ್ಟಿಲಿಳಿದು ಬಂದರು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ತಡವರಿಸುತ್ತ ಪೂಜೆಯ ವಿಷಯ ಹೇಳಿ ಕ್ಷಮೆ ಕೇಳಿದೆ.

ಅವರು ಬಗ್ಗಿ ಕಲೆ ನೋಡಿದರು. ನಿಮ್ಮಮ್ಮ ಏನೆಂದು ಬೇಡಿಕೊಂಡರು, ಕೇಳಿ ಹೇಳು ಅಂದರು.

ಅಮ್ಮ ಸೆರಗು ಸರಿಮಾಡಿಕೊಂಡರು. "ಎಲ್ಲಿಗೆ ಹೋದ್ರೂ ಸುಖವಾಗಿ ಹೋಗ್ಬರ್ಲಿ, ಒಳಗಿರೋರಿಗೆ ಏನೂ ಆಗ್ದೆ ಇರ್ಲಿ ಅಂತ. ಇನ್ನೇನು ಕೇಳ್ತೀನಿ?"

ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅಜ್ಜ ಹಡಗಿನ ಮೇಲೆ ಬೆರಳಾಡಿಸಿದರು. ಕಾಳಗದ ದಿನ, ರಕ್ತದಲ್ಲಿ ಕಾಲು ಜಾರದಿರಲಿ ಎಂದು ಇದರ ಹಲಗೆಗಳ ಮೇಲೆ ಮರಳು ಚೆಲ್ಲಿದ್ದರು ಅಂದರು. ಆಮೇಲೆ ನನ್ನ ಕೈಯಲ್ಲಿದ್ದ ಉಪ್ಪುಕಾಗದ ಕಿತ್ತು ಜೇಬಿಗೆ ತುರುಕಿಕೊಂಡರು.

"ಅಳಿಸಬೇಡ," ಅಂದರು. "ನಾಲ್ಕು ವರ್ಷ ಕೂತು ಇದರ ಫಿರಂಗಿಗಳನ್ನೆಲ್ಲ ಕೆತ್ತಿದೆ. ಒಳಗಿದ್ದವರನ್ನು ಒಂದು ದಿನವೂ ನೆನೆಯಲಿಲ್ಲ."